ವಿಕಿರಣ ಚಿಕಿತ್ಸೆಯೂ ಮನೆಯ ಕಷಾಯವೂ

ಗಿಡಮೂಲಿಕೆಗಳ ಮಹತ್ವವನ್ನು ಅಂಕೋಲಾ ತಾಲೂಕಿನವರಿಗೆ ಹೊರಗಿನವರು ಬಂದು ತಿಳಿಸಬೇಕಾಗಿಲ್ಲ. ಪಾರ್ಶ್ವವಾಯುವಿನ ನಾಟಿ ಔಷಧಕ್ಕಾಗಿ ದೂರದೂರದ ಜನರು ಬೆಳಂಬಾರವನ್ನು ಹುಡುಕಿಕೊಂಡು ಬರುತ್ತಾರೆ. ಹಾಲಕ್ಕಿ ಒಕ್ಕಲಿಗರ ಹಿರಿಯರು ಕಾಡಿನ ಬೇರು ತೊಗಟೆಗಳ ಗುಣವನ್ನು ಚೆನ್ನಾಗಿ ಬಲ್ಲವರು. ಇಂಥ ಸೀಮೆಯಲ್ಲಿ ಅರ್ಬುದ ಅಥವಾ ಕ್ಯಾನ್ಸರ್ ರೋಗಕ್ಕೆ ತುತ್ತಾದವರು ವಿಕಿರಣ ಚಿಕಿತ್ಸೆಗೆಂದು ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೊರಟಾಗ, ಕೈಚೀಲದಲ್ಲಿ ಪುಡಿಯ ಪೊಟ್ಟಣವೊಂದು ಸೇರಿಕೊಳ್ಳುವುದು ಸಹಜವೇ ಸರಿ. ವೈದ್ಯರ ಮುಂದೆ ಮಾತ್ರ ಅದರ ಮಾತೆತ್ತುವುದಿಲ್ಲ. ಈ ಮೌನವನ್ನು ಕುರಿತೇ ನಮ್ಮ ಆಕ್ಷೇಪ.

ವಿಕಿರಣವು ಜೀವಕೋಶದೊಳಗಿನ ನೀರನ್ನು ಒಡೆದು ಉಗ್ರವಾದ ಕಣಗಳನ್ನು ಹುಟ್ಟಿಸುತ್ತದೆ; ಅವು ಡಿ.ಎನ್.ಎ. ಎಳೆಗಳನ್ನು ಕಡಿಯುತ್ತವೆ. ಗೆಡ್ಡೆಯಾದರೂ ಸುಮ್ಮನಿರುವುದಿಲ್ಲ. ಗ್ಲುಟಥಯೋನ್ ಎಂಬ ವಸ್ತುವಿನಿಂದ ಆ ಕಣಗಳನ್ನು ತಣಿಸುತ್ತದೆ, ಕಡಿದ ಎಳೆಗಳನ್ನು ಬೆಸೆದುಕೊಳ್ಳುತ್ತದೆ. ಆಮ್ಲಜನಕವು ತಲುಪದ ಒಳಭಾಗದ ಕೋಶಗಳನ್ನು ಕೊಲ್ಲುವುದಕ್ಕೆ ಎರಡೂವರೆ ಮೂರು ಪಟ್ಟು ಹೆಚ್ಚು ವಿಕಿರಣ ಬೇಕು. ಅಷ್ಟನ್ನು ಕೊಟ್ಟರೆ ಪಕ್ಕದ ಆರೋಗ್ಯವಂತ ಅಂಗವು ಬೆಂದುಹೋದೀತು. ಆದಕಾರಣವೇ ಗೆಡ್ಡೆಯನ್ನು ವಿಕಿರಣಕ್ಕೆ ಸುಲಭವಾಗಿ ಮಣಿಯುವಂತೆ ಮಾಡುವ ವಸ್ತುಗಳ ಶೋಧ ಮೊದಲಾಯಿತು.

ಈ ಶೋಧದ ಒಂದು ಮುಖ್ಯ ಅಧ್ಯಾಯ ನಮ್ಮ ಕರಾವಳಿಯಲ್ಲಿಯೇ ನಡೆಯಿತು. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಪಿ. ಉಮಾದೇವಿಯವರೂ ಅವರ ಸಹೋದ್ಯೋಗಿಗಳೂ, ಅಶ್ವಗಂಧದಿಂದ ದೊರೆಯುವ ವಿಥಾಫೆರಿನ್-ಎ ಎಂಬ ವಸ್ತುವು ಇಲಿಗಳ ಗೆಡ್ಡೆಗಳಲ್ಲಿ ವಿಕಿರಣದ ಪರಿಣಾಮವನ್ನು ಹೆಚ್ಚಿಸುವುದೆಂದು 1990ರ ದಶಕದಲ್ಲಿ ಪ್ರಕಟಿಸಿದರು. ಅವರೇ ತುಳಸಿಯನ್ನೂ ಪರೀಕ್ಷಿಸಿದರು. ಅದರ ಓರಿಯೆಂಟಿನ್, ವೈಸೆನಿನ್ ಎಂಬ ವಸ್ತುಗಳ ಗುಣ ತೀರ ವಿರುದ್ಧವಾದದ್ದು. ಅವು ಇಲಿಗಳ ಶರೀರವನ್ನು ವಿಕಿರಣದಿಂದ ಕಾಪಾಡಿದವು.

ವಾಚಕರು ಇಲ್ಲಿ ಒಂದು ಗಳಿಗೆ ನಿಂತು ಯೋಚಿಸಬೇಕು. ಮನೆಮದ್ದಿನ ಒಂದೇ ಡಬ್ಬಿಯಲ್ಲಿ ಕೂಡಿಬರಬಹುದಾದ ಎರಡು ಗಿಡಗಳು: ಒಂದರ ಸತ್ತ್ವ ಏಟನ್ನು ಬಲಪಡಿಸಿತು, ಇನ್ನೊಂದರದು ಗುರಾಣಿಯಾಯಿತು. ಗುರಾಣಿಯು ಗೆಡ್ಡೆಗೂ ದೊರೆತರೆ? ಏಟು ಒಳ್ಳೆಯ ಅಂಗಕ್ಕೂ ಬಲವಾಗಿ ತಗುಲಿದರೆ? ಇಲಿಯಲ್ಲಿ ಕಂಡದ್ದು ಮನುಷ್ಯನಲ್ಲಿಯೂ ಕಾಣಬೇಕೆಂಬ ನಿಯಮವಿಲ್ಲ. ಶುದ್ಧ ವಸ್ತುವನ್ನು ತೂಗಿ ಕೊಟ್ಟದ್ದಕ್ಕೂ ಅಂದಾಜಿನಲ್ಲಿ ಕುದಿಸಿ ಕುಡಿದ ಕಷಾಯಕ್ಕೂ ಹೋಲಿಕೆ ಎಲ್ಲಿಯದು? 'ಸೊಪ್ಪಿನ ಮದ್ದು, ಗುಣವಾಗದಿದ್ದರೂ ಕೇಡಾಗದು' ಎಂಬ ಮಾತನ್ನು ನಾವಂತೂ ಒಪ್ಪೆವು.

ಹಾಗೆಂದು ಸಸ್ಯಗಳನ್ನು ಹೀಗಳೆಯುವವರ ಪಂಕ್ತಿಯಲ್ಲಿಯೂ ನಾವಿಲ್ಲ. ಅಮೆರಿಕದ ಯೂ ಮರದ ತೊಗಟೆಯಲ್ಲಿದ್ದ ಪ್ಯಾಕ್ಲಿಟ್ಯಾಕ್ಸೆಲ್ ಎಂಬುದರ ರಚನೆ ತಿಳಿದದ್ದು 1971ರಲ್ಲಿ. ಆ ದೇಶದಲ್ಲಿ ಅದು ಔಷಧವೆಂದು ಮನ್ನಣೆ ಪಡೆದದ್ದು 1992ರಲ್ಲಿ. ಅದು ಕೋಶವನ್ನು ವಿಭಜನೆಯ ನಡುವೆಯೇ ತಡೆದು ನಿಲ್ಲಿಸುತ್ತದೆ. ಕೋಶವು ವಿಕಿರಣಕ್ಕೆ ಬಹಳ ಬೇಗ ಬಲಿಯಾಗುವುದು ಆ ಹಂತದಲ್ಲಿಯೇ. ಇಂದು ಅನ್ನನಾಳದ ಅರ್ಬುದದಲ್ಲಿ ಇನ್ನೊಂದು ಔಷಧದೊಡನೆ ಅದನ್ನು ವಿಕಿರಣದ ಜೊತೆಗೆ ಕೊಡುತ್ತಾರೆ. ತೊಗಟೆಯಿಂದ ಆಸ್ಪತ್ರೆಯವರೆಗಿನ ಆ ದಾರಿಯಲ್ಲಿ ಅಳತೆಯೂ ಪರೀಕ್ಷೆಯೂ ಇದ್ದವು. ನಮ್ಮ ಗಿಡಗಳಿಗೂ ಅದೇ ಗೌರವ ಸಲ್ಲಬೇಕು.

ಅಜ್ಜ ಅಜ್ಜಿಯರನ್ನು ಆಸ್ಪತ್ರೆಗೆ ಕರೆದೊಯ್ಯುವವರು ಹಲವೊಮ್ಮೆ ಕಾಲೇಜು ಓದುವ ಮೊಮ್ಮಕ್ಕಳೇ. ಅವರು ಆ ಪೊಟ್ಟಣವನ್ನು ವೈದ್ಯರ ಮೇಜಿನ ಮೇಲಿಡಲಿ. ಗಿಡ ಯಾವುದು, ಎಷ್ಟು, ದಿನಕ್ಕೆ ಎಷ್ಟು ಸಲ ಎಂಬುದನ್ನು ಬರೆದು ಕೊಡಲಿ. ವೈದ್ಯರೂ ಅದನ್ನು ಕಂಡು ಗದರಬಾರದು. ಗದರಿದರೆ ಮುಂದಿನ ಸಲ ಪೊಟ್ಟಣವು ಚೀಲದ ತಳ ಸೇರುತ್ತದೆ.