ದಾನದ ಕಂಪ್ಯೂಟರಿನ ಹಲ್ಲು ಎಣಿಸಲೇಬೇಕು

ಅಸಂಗಿ (ಜತ್ತ ತಾ.): ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು ಅನ್ನೋದು ಹಿರಿಯರ ಮಾತು. ಆದರೆ ದಾನಕ್ಕೆ ಬಂದ ಕಂಪ್ಯೂಟರಿನ ಹಲ್ಲು ಎಣಿಸದೇ ಒಳಗೆ ತಗೊಂಡರೆ ಅದು ಶಾಲೆಯ ಒಂದು ಖೋಲಿಯನ್ನು ನುಂಗಿ ಕೂರುತ್ತದೆ, ಅಷ್ಟೇ. ಹಾರ ಹಾಕಿಸಿಕೊಂಡು, ಫೋಟೊ ತೆಗೆಸಿಕೊಂಡು ಹೋದ ದಾನಿ ಮತ್ತೆ ಈ ಕಡೆ ಹಾಯುವುದಿಲ್ಲ. ಆಮೇಲೆ ಕೇಳಿದರೆ 'ಕಂಪ್ಯೂಟರ್ ಅದಾವ್ರಿ, ಆದ್ರ ಚಾಲೂ ಆಗಂಗಿಲ್ಲ' ಅನ್ನೋ ಉತ್ತರವೇ ಗತಿ.

ಈ ಮಾತು ಈಗ ಎತ್ತಲು ಕಾರಣವಿದೆ. ವಿಂಡೋಸ್ 10ಕ್ಕೆ ಇದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ವಿಂಡೋಸ್ 11 ಹಾಕಬೇಕೆಂದರೆ 4 ಜಿಬಿ ರ್‍ಯಾಮ್, ಟಿಪಿಎಂ 2.0 ಎಂಬ ಭದ್ರತಾ ಚಿಪ್, ಜೊತೆಗೆ ಕಂಪನಿಯ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಇಂಟೆಲ್‌ನಲ್ಲಾದರೆ ಹೆಚ್ಚುಕಡಿಮೆ ಎಂಟನೇ ಪೀಳಿಗೆಯಿಂದ ಈಚಿನವಕ್ಕೇ ಆ ಭಾಗ್ಯ. ಹೀಗಾಗಿ ಚೆನ್ನಾಗಿ ನಡೆಯುವ ಯಂತ್ರಗಳೂ ದೊಡ್ಡ ಊರಿನ ಕಚೇರಿಗಳಿಂದ ಹೊರಬೀಳುತ್ತವೆ. ಪುಣೆ, ಬೆಂಗಳೂರಿಗೆ ದುಡಿಯಲು ಹೋದ ಗಡಿ ಭಾಗದ ಹುಡುಗರು 'ನಮ್ಮೂರ ಕನ್ನಡ ಶಾಲೆಗೂ ನಾಲ್ಕು ಕೊಡಸೂಣು' ಎಂದರೆ ಅದು ಸ್ವಾಗತಾರ್ಹವೇ.

ಇಂಥ ಯಂತ್ರಕ್ಕೆ ಹಗುರವಾದ ಲಿನಕ್ಸ್ ಹಾಕಿದರೆ ಮತ್ತೆ ಕೆಲವು ವರ್ಷ ಅಡ್ಡಿಯಿಲ್ಲ. ಅದಕ್ಕೆ ರೊಕ್ಕವೂ ಕೊಡಬೇಕಿಲ್ಲ. ಲಿನಕ್ಸ್ ಮಿಂಟ್‌ಗೆ 2 ಜಿಬಿ ರ್‍ಯಾಮ್ ಸಾಕು, 4 ಜಿಬಿ ಇದ್ದರೆ ಸಲೀಸು. ತಿರುಗುವ ಹಳೆಯ ಹಾರ್ಡ್ ಡಿಸ್ಕ್ ತೆಗೆದು ಸಣ್ಣದೊಂದು ಎಸ್‌ಎಸ್‌ಡಿ ಕೂರಿಸಿದರೆ ಓಟವೇ ಬೇರೆ. ಮದರ್‌ಬೋರ್ಡಿನ ನಾಣ್ಯದಂಥ ಸೆಲ್ ಸತ್ತಿದ್ದರೆ ತಾರೀಖು ತಪ್ಪಿ, ಇಂಟರ್ನೆಟ್ಟಿನ ಎಷ್ಟೋ ಪುಟಗಳು ತೆರೆಯುವುದಿಲ್ಲ. ಅದನ್ನೂ ಬದಲಿಸಬೇಕು. ತೀರಾ ಹಳೆಯ 32 ಬಿಟ್ ಯಂತ್ರಗಳನ್ನು ಮಾತ್ರ 'ಬ್ಯಾಡ್ರಿ' ಅನ್ನುವುದೇ ಒಳಿತು. 2025ರ ಡೆಬಿಯನ್ 13 ಕೂಡ ಅವುಗಳ ಕೈ ಬಿಟ್ಟಿದೆ.

ಗಡಿ ಭಾಗಕ್ಕೆ ಇನ್ನೊಂದು ಲಾಭವಿದೆ. ಲಿನಕ್ಸ್‌ನಲ್ಲಿ ಕನ್ನಡದ ಕಗಪ ಕೀಲಿಮಣೆ ಮೊದಲೇ ಇರುತ್ತದೆ, ಅದೇ ಕ್ರಮದಲ್ಲಿ ಮರಾಠಿಯದೂ ಇದೆ. ಮನೆಯಲ್ಲಿ ಕನ್ನಡ, ತಾಲೂಕು ಕಚೇರಿಯಲ್ಲಿ ಮರಾಠಿ ಅನ್ನುವ ಮಕ್ಕಳು ಬೆರಳಿನ ಒಂದೇ ರೂಢಿಯಲ್ಲಿ ಎರಡೂ ಬರೆಯಬಹುದು.

ಇದು ಬರೀ ಕನಸಿನ ಮಾತಲ್ಲ. ಕೇರಳ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಆರಂಭಿಸಿ ಮುಂದೆ ಸರಕಾರಿ ಶಾಲೆಗಳನ್ನು ಲಿನಕ್ಸ್‌ಗೆ ತಂದಿತು. 2017ರಲ್ಲಿ ಅದೇ 'ಕೈಟ್' ಸಂಸ್ಥೆಯಾಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಐಟಿ ಪಠ್ಯ ಕನ್ನಡದಲ್ಲೇ ಇದೆ. ಅಲ್ಲಿಯ ಗಡಿ ಕನ್ನಡಿಗರಿಗೆ ಆದದ್ದು ಇಲ್ಲಿಯವರಿಗೆ ಯಾಕೆ ಆಗಬಾರದು?

'ನೌಕರಿಗೆ ಎಂಎಸ್-ಸಿಐಟಿ ಬೇಕು, ಅದರಾಗ ಕಲಿಸೂದು ವಿಂಡೋಸ್' ಎಂದು ಪಾಲಕರು ಆಕ್ಷೇಪಿಸಿದರೆ ತಪ್ಪಿಲ್ಲ. ಆದರೆ ಐದನೇತ್ತೆ ಹುಡುಗಿಗೆ ಮೊದಲು ಬೇಕಾದದ್ದು ಮೌಸ್ ಹಿಡಿಯುವುದು, ಟೈಪ್ ಮಾಡುವುದು, ಬರೆದದ್ದನ್ನು ಉಳಿಸಿ ಮತ್ತೆ ಹುಡುಕುವುದು. ಇವನ್ನು ಲಿನಕ್ಸ್‌ನಲ್ಲಿ ಕಲಿತವಳಿಗೆ ವಿಂಡೋಸ್ ಎಂಟು ದಿನದ ಮಾತು. ಸತ್ತ ಡಬ್ಬಿಯ ಮುಂದೆ ಕೂತವಳು ಎರಡನ್ನೂ ಕಲಿಯುವುದಿಲ್ಲ.

ಆದ್ದರಿಂದ ಶಾಲಾ ವ್ಯವಸ್ಥಾಪನ ಸಮಿತಿಯವರು ಹಾರ ತರುವ ಮೊದಲೇ ದಾನಿಗೆ ನಾಲ್ಕು ಮಾತು ಕೇಳಬೇಕು. ಹಳೆಯ ಮಾಹಿತಿ ಪೂರ್ತಿ ಅಳಿಸಿದೆಯೇ? ಕನ್ನಡ ಟೈಪಿಂಗ್ ಸಮೇತ ಲಿನಕ್ಸ್ ಹಾಕಿದೆಯೇ? ಒಬ್ಬ ಮಾಸ್ತರರಿಗೆ ಎರಡು ದಿನ ಕಲಿಸುವಿರಾ? ಕೆಟ್ಟರೆ ಬಿಡಿಭಾಗಕ್ಕೆಂದು ಒಂದು ಯಂತ್ರ ಹೆಚ್ಚಿಗೆ ಕೊಡುವಿರಾ? ಕೊನೆಗೆ ಪೂರ್ತಿ ಕೆಟ್ಟದ್ದನ್ನು ಮೋಡಕಾದವರಿಗೆ ತೂಗದೆ, 2022ರ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಮರುಬಳಕೆದಾರರಿಗೇ ಒಪ್ಪಿಸಬೇಕು.

ನಾಲ್ಕಕ್ಕೂ 'ಹೂಂ' ಎಂದ ದಾನಿಗೆ ಶಾಲು ಹೊದಿಸಿ ಸತ್ಕಾರ ಮಾಡಲಿ. ಉಳಿದವರಿಗೆ ಕೈ ಮುಗಿದು ಕಳಿಸುವುದರಲ್ಲಿ ಅವಮಾನವೇನೂ ಇಲ್ಲ. ಗಡಿ ಶಾಲೆ ಬಡದಿರಬಹುದು, ಅದು ಯಾರ ಅಡಗಲು ಖೋಲಿಯೂ ಅಲ್ಲ.