ಓಣಿಯ ಕೂಸು, ಯಾರ ಹೊಣೆ?

ಹೊಳಲ್ಕೆರೆ ಕಡೆ ಅಡಿಕೆ ಕೊಯ್ಲು ಶುರುವಾದರೆ ಸುಲಿಯುವ ಹೆಂಗಸರಿಗೆ ಹೊತ್ತುಗೊತ್ತು ಇರುವುದಿಲ್ಲ; ಸುಲಿದಷ್ಟಕ್ಕೆ ಕೂಲಿ. ಹಿರಿಯೂರು, ಚಿತ್ರದುರ್ಗದ ಈರುಳ್ಳಿ ಹೊಲಗಳಿಗೆ ಹೋಗುವವರು ಅಂಗನವಾಡಿ ಬಾಗಿಲು ತೆರೆಯುವ ಮೊದಲೇ ಆಟೊ ಹತ್ತಿರುತ್ತಾರೆ. ಆಗ ಕೂಸನ್ನು ಎತ್ತಿಕೊಳ್ಳುವವರು ಪಕ್ಕದ ಮನೆಯ ಅಜ್ಜಿ, ಎದುರು ಮನೆಯ ದೊಡ್ಡಮ್ಮ. ‘ಮಗೀನ ಒಂಚೂರು ನೋಡ್ಕಳಮ್ಮ’ ಎಂಬ ಒಂದು ಮಾತಿನ ಮೇಲೆ ಎಷ್ಟೋ ಮನೆಗಳ ಒಲೆ ಉರಿಯುತ್ತದೆ.

ಹೀಗೆ ನೆರೆಹೊರೆಯವರು ಮಕ್ಕಳ ಹೊಣೆ ಹಂಚಿಕೊಳ್ಳುವುದು ಸರಿಯೇ, ಇಲ್ಲವೇ ಅದು ಹೆತ್ತವರದ್ದೇ ಆಗಿರಬೇಕೇ? ಎರಡೂ ಕಡೆ ತೂಕದ ಮಾತಿದೆ.

ಮೊದಲು ಹಂಚಿಕೆಯ ಪರ. ಗಂಡ ಬೆಂಗಳೂರಿಗೋ ಮಲೆನಾಡಿನ ಕಾಫಿ ತೋಟಕ್ಕೋ ದುಡಿಯಲು ಹೋದ ಮನೆಯಲ್ಲಿ ತಾಯಿಯೊಬ್ಬಳೇ ಎಲ್ಲವನ್ನೂ ನಿಭಾಯಿಸುವುದು ಆಗದ ಮಾತು. ಹತ್ತು ಜನರ ಕೈಯಲ್ಲಿ ಬೆಳೆದ ಮಗು ಬೇಗ ಮಾತು ಕಲಿಯುತ್ತದೆ, ಬೇರೆ ಮನೆಯ ಊಟಕ್ಕೂ ಹೊಂದಿಕೊಳ್ಳುತ್ತದೆ. ಮಗು ಸೊರಗಿದ್ದು, ದೊಡ್ಡ ಹುಡುಗ ಶಾಲೆ ತಪ್ಪಿಸಿದ್ದು ಎಷ್ಟೋ ಸಲ ಮೊದಲು ಕಣ್ಣಿಗೆ ಬೀಳುವುದು ಅಕ್ಕಪಕ್ಕದವರಿಗೇ.

ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿರುವುದೂ ಕಡಿಮೆಯಲ್ಲ. ಓಣಿ ನೋಡಿಕೊಳ್ಳುತ್ತದೆ ಎಂದಾಗ ನಿಜವಾಗಿ ನೋಡಿಕೊಳ್ಳುವವರು ಯಾರು? ಮಂಡಿನೋವಿನ ಅಜ್ಜಿ, ಇಲ್ಲವೇ ಶಾಲೆ ಬಿಟ್ಟು ತಮ್ಮನನ್ನು ಕಂಕುಳಲ್ಲಿ ಹೊತ್ತ ಹತ್ತು ವರ್ಷದ ಅಕ್ಕ. ಗಂಡಸರ ಪಾಲು ಇದರಲ್ಲಿ ತೀರ ಕಡಿಮೆ. ಇನ್ನು ಸುರಕ್ಷತೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ (ಪೋಕ್ಸೊ) ಪ್ರಕರಣಗಳಲ್ಲಿ ಬಹುಪಾಲು ಆರೋಪಿಗಳು ಮಗುವಿಗೆ ಗೊತ್ತಿರುವವರೇ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರದಿಗಳು ವರ್ಷ ವರ್ಷವೂ ಹೇಳುತ್ತಿವೆ. ಪರಿಚಯವೊಂದೇ ಕಾವಲಲ್ಲ.

ಎಲ್ಲಕ್ಕಿಂತ ಕಠಿಣವಾದದ್ದು ಅಧಿಕಾರದ ಪ್ರಶ್ನೆ. ಊರು ಹೊಣೆ ಹೊತ್ತರೆ ಹಕ್ಕನ್ನೂ ಕೇಳುತ್ತದೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಸೂತಕವೆಂದು ಬಾಣಂತಿಯನ್ನು ಹಟ್ಟಿಯ ಹೊರಗಿನ ಗುಡಿಸಿಲಿನಲ್ಲಿ ಇರಿಸಿದ್ದರಿಂದ ಮಳೆಚಳಿಗೆ ಸಿಕ್ಕ ಹಸುಗೂಸು ತೀರಿಕೊಂಡಿತು. ಇದೇ ಕಟ್ಟುಪಾಡು ಹಿರಿಯೂರು, ಹೊಸದುರ್ಗದ ಹಟ್ಟಿಗಳಿಗೂ ಹೊಸದಲ್ಲ. ಅಲ್ಲಿನ ಹೆಣ್ಣುಮಕ್ಕಳೇ ಈಗ ಅದನ್ನು ಪ್ರಶ್ನಿಸುತ್ತಿದ್ದಾರೆ. ಮಲ್ಲೇನಹಳ್ಳಿಯ ಆ ತಾಯಿಯ ಸುತ್ತ ನೆರೆಹೊರೆ ಇತ್ತು. ಆದರೆ ಮಗುವಿಗಿಂತ ಕಟ್ಟುಪಾಡು ದೊಡ್ಡದಾಯಿತು.

ಹಾಗಾದರೆ ನೆರೆಯ ಅಕ್ಕರೆಯನ್ನು ಉಳಿಸಿಕೊಂಡು ಅದರ ಕೇಡನ್ನು ತಡೆಯಬಹುದೇ? ದಾರಿಗಳಿವೆ. 1975ರಲ್ಲಿ ದೇಶದಲ್ಲಿ ಶುರುವಾದ ಅಂಗನವಾಡಿ ವ್ಯವಸ್ಥೆಗೆ ನಮ್ಮ ರಾಜ್ಯದಲ್ಲಿ ಮೊದಲು ನೆಲೆ ಸಿಕ್ಕಿದ್ದು ತಿ. ನರಸೀಪುರದಲ್ಲಿ. ಆದರೆ ಅಂಗನವಾಡಿಯಲ್ಲಿ ಕೂತು ಕಲಿಯುವುದು ಮೂರು ತುಂಬಿದ ಮಕ್ಕಳು. ಅದಕ್ಕಿಂತ ಚಿಕ್ಕವರಿಗಾಗಿ 2023ರಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯಲು ಹೊರಟಿತು. ಅಲ್ಲಿ ನೋಡಿಕೊಳ್ಳುವವರು ಅದೇ ಊರಿನ, ಜಾಬ್ ಕಾರ್ಡ್ ಇರುವ, ತರಬೇತಿ ಪಡೆದ ಹೆಂಗಸರು. ಉದ್ಯೋಗ ಖಾತ್ರಿ ಯೋಜನೆಯ ಕೂಲಿಯೇ ಅವರ ಸಂಬಳ. ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನದ ಮಿತಿ ಇದ್ದುದರಿಂದ ಸರದಿ ಪ್ರಕಾರ ಕೆಲಸ. ನೆರೆಯವಳ ದುಡಿಮೆಗೆ ಬೆಲೆಯೂ ಬಂತು, ಲೆಕ್ಕವೂ ಬಂತು.

ಇದರಲ್ಲೂ ಕೊರತೆಯಿದೆ. ಸರದಿ ಬದಲಾದಂತೆ ಕೂಸು ಹೊಸ ಮುಖಕ್ಕೆ ಒಗ್ಗಿಕೊಳ್ಳಬೇಕು. ಪಂಚಾಯಿತಿ ಊರಿನಿಂದ ದೂರದ ಹಟ್ಟಿಯ ತಾಯಿಗೆ ಮಗುವನ್ನು ಅಲ್ಲಿಗೆ ಬಿಟ್ಟು ಬರುವುದೇ ಕಷ್ಟ. ಅಜ್ಜಿಯ ಮಡಿಲಿಗೆ ಯಾವ ಕಚೇರಿ ವೇಳೆಯೂ ಇಲ್ಲ. ಆ ಸಲಿಗೆಯನ್ನು ಯಾವ ಯೋಜನೆಯೂ ಕೊಡಲಾರದು.

ನನ್ನ ಮನಸ್ಸು ಹಂಚಿಕೆಯ ಕಡೆಗೇ ವಾಲುತ್ತದೆ, ಆದರೆ ಕರಾರಿನ ಮೇಲೆ. ನೆರೆಯವರು ಹೊಣೆಯಲ್ಲಿ ಪಾಲು ಪಡೆಯಲಿ. ಮಗುವಿನ ಔಷಧಿ, ಓದು, ಮದುವೆಯ ತೀರ್ಮಾನ ಊರಿನ ಪಂಚಾಯ್ತಿಕಟ್ಟೆಗೆ ಹೋಗದಿರಲಿ. ದಿನವಿಡೀ ನೋಡಿಕೊಳ್ಳುವವರಿಗೆ ಕೂಲಿ ಸಿಗಲಿ, ಗಂಡಸರೂ ಸರದಿಗೆ ಬರಲಿ, ಯಾವ ಅಕ್ಕನ ಶಾಲೆಯೂ ತಪ್ಪದಿರಲಿ. ‘ಅವರ ಮನೆಗೆ ಹೋಗಲ್ಲ’ ಎಂದು ಮಗು ಅತ್ತರೆ ಗದರಿಸದೆ ಕಾರಣ ಕೇಳಬೇಕು. ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲು ಹಿಂಜರಿಯಬಾರದು. ಇಷ್ಟನ್ನು ಒಪ್ಪಿಕೊಂಡ ಓಣಿಗೆ ಕೂಸನ್ನು ಧೈರ್ಯವಾಗಿ ಒಪ್ಪಿಸಬಹುದು. ಒಪ್ಪದ ಓಣಿಯಲ್ಲಿ ತಾಯಿ ಹಿಂದೆಮುಂದೆ ನೋಡಿದರೆ ಅದು ಅವಳ ತಪ್ಪಲ್ಲ.