ಮರಾವಿ: ಕಾಡಿನ ಸೇನೆಗೆ ಊರು ಕಲಿಸಿದ ಯುದ್ಧ

2017ರ ಮೇ 23ರಂದು ದಕ್ಷಿಣ ಫಿಲಿಪ್ಪೀನ್ಸ್‌ನ ಮರಾವಿಯಲ್ಲಿ ಸೇನೆ ಮತ್ತು ಪೊಲೀಸರು ಮನೆಯೊಂದರ ಮೇಲೆ ದಾಳಿ ಮಾಡಿದ್ದು ಮುಖ್ಯವಾಗಿ ಒಬ್ಬ ವ್ಯಕ್ತಿಯನ್ನು ಹಿಡಿಯಲು. ಇಸ್ಲಾಮಿಕ್ ಸ್ಟೇಟ್‌ಗೆ (ಐಎಸ್) ನಿಷ್ಠೆ ಘೋಷಿಸಿದ್ದ ಇಸ್ನಿಲೋನ್ ಹಪಿಲೋನ್ ಊರಿನಲ್ಲಿದ್ದಾನೆ ಎಂಬ ಸುಳಿವು ಸರಿಯಾಗಿತ್ತು. ಆದರೆ ಸ್ಥಳೀಯ ಉಗ್ರ ಗುಂಪಿನ ನಾಯಕರಾದ ಮೌಟೆ ಸಹೋದರರ ನೂರಾರು ಬಂದೂಕುಧಾರಿಗಳು ಅವನೊಂದಿಗೆ ಸೇರಿಕೊಂಡಿದ್ದರು. ಅವರ ಬಲದ ಸರಿಯಾದ ಅಂದಾಜು ಸೇನೆಗೆ ಇರಲಿಲ್ಲ. ಕೆಲವು ಗಂಟೆಗಳಲ್ಲಿ ಮುಗಿಯಬೇಕಿದ್ದ ಕಾರ್ಯಾಚರಣೆ ಐದು ತಿಂಗಳ ಯುದ್ಧವಾಯಿತು.

ಫಿಲಿಪ್ಪೀನ್ಸ್ ಸೇನೆ ದಶಕಗಳಿಂದ ಬಂಡುಕೋರರನ್ನು ಬೆನ್ನಟ್ಟಿದ್ದು ಬಹುಮಟ್ಟಿಗೆ ಕಾಡುಗಳಲ್ಲಿ. ಊರೊಳಗಿನ ಕಾಳಗ ಹೇಗಿರುತ್ತದೆ ಎಂಬುದನ್ನು 2013ರಲ್ಲಿ ಜಾಂಬೊವಾಂಗಾ ನಗರದಲ್ಲಿ ಬಂಡುಕೋರರೊಂದಿಗೆ ನಡೆದ ಸಂಘರ್ಷ ತೋರಿಸಿದ್ದರೂ ತರಬೇತಿ ಅದಕ್ಕೆ ತಕ್ಕಂತೆ ಬದಲಾಗಿರಲಿಲ್ಲ. ಮರಾವಿಯ ಮನೆಗಳಂತೂ ಸಾಮಾನ್ಯ ಮನೆಗಳಲ್ಲ. 'ರಿಡೊ' ಎಂದು ಕರೆಯುವ ಕುಲವೈರದ ಭಯದಿಂದ ಅನೇಕ ಕುಟುಂಬಗಳು ದಪ್ಪ ಕಾಂಕ್ರೀಟ್ ಗೋಡೆ, ನೆಲಮಾಳಿಗೆಗಳೊಂದಿಗೆ ಮನೆ ಕಟ್ಟಿಕೊಂಡಿದ್ದವು. ಉಗ್ರರಿಗೆ ಅವು ಸಿದ್ಧ ಕೋಟೆಗಳಾದವು. ಅವರು ಒಂದು ಮನೆಯಿಂದ ಇನ್ನೊಂದಕ್ಕೆ ಗೋಡೆ ಕೊರೆದು ಸಾಗುತ್ತಿದ್ದರು, ಕಿಂಡಿಗಳಲ್ಲಿ ಸ್ನೈಪರ್‌ಗಳನ್ನು ಕೂರಿಸುತ್ತಿದ್ದರು. ಜೂನ್ 9ರ ಒಂದೇ ದಿನ 13 ಮರೀನ್ ಯೋಧರು ಸತ್ತರು. ಊರಿನ ನಡುವೆ ಹರಿಯುವ ಆಗುಸ್ ನದಿಯ ಮೂರು ಸೇತುವೆಗಳೂ ಸೇನೆಯ ಕೈಸೇರುವಷ್ಟರಲ್ಲಿ ಸೆಪ್ಟೆಂಬರ್ ಮುಗಿಯುತ್ತ ಬಂದಿತ್ತು.

ಸೈನಿಕರು ಯುದ್ಧ ಮಾಡುತ್ತಲೇ ಕಲಿತರು. ರಾಕೆಟ್ ದಾಳಿ ತಡೆಯಲು ಶಸ್ತ್ರಸಜ್ಜಿತ ವಾಹನಗಳಿಗೆ ಮರದ ಹಲಗೆ ಕಟ್ಟಿದರು, ಹೌವಿಟ್ಜರ್ ಫಿರಂಗಿಗಳನ್ನು ಕಣ್ಣೆದುರಿನ ಕಟ್ಟಡಗಳತ್ತ ನೇರವಾಗಿ ತಿರುಗಿಸಿದರು. ಅಮೆರಿಕ ಮತ್ತು ಆಸ್ಟ್ರೇಲಿಯಾದ ಕಣ್ಗಾವಲು ವಿಮಾನಗಳು ನೆರವಾದವು. ಈ ಜಾಣ್ಮೆ ಮೆಚ್ಚತಕ್ಕದ್ದೇ. ಆದರೆ ತರಬೇತಿಯ ಕೊರತೆಯನ್ನು ಸೇನೆ ಬಹುಪಾಲು ತುಂಬಿಕೊಂಡದ್ದು ಬಾಂಬುಗಳಿಂದ. ಮೇ 31ರಂದು ವಾಯುಪಡೆಯ ಬಾಂಬೊಂದು ಗುರಿತಪ್ಪಿ ತನ್ನದೇ ಸುಮಾರು ಹತ್ತು ಮಂದಿ ಸೈನಿಕರನ್ನು ಕೊಂದಿತು. ಉಗ್ರರ ಬಳಿ ಕ್ಯಾಥೊಲಿಕ್ ಪಾದ್ರಿಯೂ ಸೇರಿ ಹಲವು ಒತ್ತೆಯಾಳುಗಳಿದ್ದರು. ಅವರಿದ್ದ ಕಡೆ ಬಾಂಬ್ ಹಾಕುವಂತಿರಲಿಲ್ಲ, ಹಾಕದೆ ಮುನ್ನುಗ್ಗಿದರೆ ಕಾಲಾಳುಗಳು ಬಲಿಯಾಗುತ್ತಿದ್ದರು. ನಗರದ ಕಾಳಗಕ್ಕೆ ಮೊದಲೇ ಪಳಗಿದ ಸಣ್ಣ ತುಕಡಿಗಳಿದ್ದಿದ್ದರೆ ಈ ಇಕ್ಕಟ್ಟು ಪೂರ್ತಿ ತಪ್ಪುತ್ತಿರಲಿಲ್ಲ, ಆದರೆ ಅದರ ಬೆಲೆ ಇಷ್ಟಾಗುತ್ತಿರಲಿಲ್ಲ.

ಹಪಿಲೋನ್ ಮತ್ತು ಮೌಟೆ ಸಹೋದರರಲ್ಲಿ ಒಬ್ಬನಾದ ಒಮರ್ ಅಕ್ಟೋಬರ್ 16ರಂದು ಹತರಾದರು. ಒಂದು ವಾರದ ಬಳಿಕ ಯುದ್ಧ ಮುಗಿಯಿತೆಂದು ಸರ್ಕಾರ ಘೋಷಿಸಿತು. 160ಕ್ಕೂ ಹೆಚ್ಚು ಯೋಧರು ಮತ್ತು ಪೊಲೀಸರು, ಸರ್ಕಾರದ ಲೆಕ್ಕದಲ್ಲಿ 900ಕ್ಕೂ ಹೆಚ್ಚು ಉಗ್ರರು ಸತ್ತಿದ್ದರು. ಮರಾವಿ ಮತ್ತು ಸುತ್ತಲಿನ ಸುಮಾರು ಮೂರೂವರೆ ಲಕ್ಷ ಜನ ಮನೆ ಬಿಟ್ಟಿದ್ದರು.

ಮರಾವಿಯ ಅತಿ ಕಠಿಣ ಪಾಠ ಇಲ್ಲಿಂದ ಮುಂದಿದೆ. ಊರನ್ನು ಕೆಡವುವ ಯುದ್ಧಕ್ಕೆ ಊರನ್ನು ಮತ್ತೆ ಕಟ್ಟುವ ಯೋಜನೆಯೂ ಸೇರಿರಬೇಕು. ಇಲ್ಲಿ ಅದು ಸಿದ್ಧವಿರಲಿಲ್ಲ. ಪುನರ್ನಿರ್ಮಾಣಕ್ಕಾಗಿ ಚೀನಾ ಕಂಪನಿಗಳಿದ್ದ ಒಕ್ಕೂಟದೊಂದಿಗೆ ನಡೆದ ಮಾತುಕತೆ 2018ರಲ್ಲಿ ಮುರಿದುಬಿತ್ತು, ಕೆಲಸಕ್ಕೆ ಅಡಿಗಲ್ಲು ಬಿದ್ದದ್ದು ಆ ವರ್ಷದ ಅಕ್ಟೋಬರ್‌ನಲ್ಲಿ. ಮನೆ ಕಳೆದುಕೊಂಡವರಿಗೆ ಪರಿಹಾರ ಕೊಡುವ ಕಾನೂನು ಜಾರಿಗೆ ಬಂದದ್ದು 2022ರಲ್ಲಿ.